ಮಕ್ಕಳ ತಿಂಡಿಗೆ ಮನೆಯ ಕಾಳು: ಮೊಬೈಲಿನಲ್ಲಿ ಹುಡುಕುವ ಮೊದಲು



ಮಕ್ಕಳಿಗೆ ಏನು ಮಾಡಿ ಹಾಕುವುದು ಎಂಬ ಪ್ರಶ್ನೆಗೆ ಹಿಂದೆ ಮನೆಯ ಅಜ್ಜಿಯರು ಉತ್ತರ ಹೇಳುತ್ತಿದ್ದರು. ಈಗ ಮೊಬೈಲ್ ಫೋನು ಹೇಳುತ್ತದೆ. ‘ಮಕ್ಕಳಿಗೆ ಆರೋಗ್ಯಕರ ತಿಂಡಿ’ ಎಂದು ಬಾಯಲ್ಲಿ ಹೇಳಿದರೂ ಸಾಕು, ಕ್ಷಣದಲ್ಲಿ ಹತ್ತಾರು ಅಡುಗೆಗಳು ಚಿತ್ರಸಹಿತ ಬಂದು ನಿಲ್ಲುತ್ತವೆ. ಓಟ್ಸ್ ಗಂಜಿ, ಚೀಸ್ ದೋಸೆ, ಬಾದಾಮಿ ಪುಡಿ, ಖರ್ಜೂರದ ಉಂಡೆ, ಹೀಗೆ. ಇದನ್ನು ನೋಡಿದ ತಾಯಿ ಪೇಟೆಗೆ ಹೊರಟವರ ಕೈಗೆ ಚೀಟಿ ಬರೆದುಕೊಡುತ್ತಾಳೆ. ಅದೇ ಪೇಟೆಗೆ ಆ ಮನೆಯ ರಾಗಿ, ಹೆಸರುಕಾಳು, ಕಡಲೆಕಾಯಿ ಮೂಟೆ ಕಟ್ಟಿಸಿಕೊಂಡು ಹೋಗಿ ಎರಡು ವಾರವಾಗಿರುತ್ತದೆ.

ಫೋನು ನೋಡಬಾರದೆಂದು ನಾನು ಹೇಳುವುದಿಲ್ಲ. ಅದರಲ್ಲಿ ಒಳ್ಳೆಯ ಅಡುಗೆಗಳು ಸಾಕಷ್ಟಿವೆ. ಆದರೆ ಹುಡುಕುವ ಕ್ರಮ ತಲೆಕೆಳಗಾಗಿದೆ. ಅಡುಗೆಯನ್ನು ಮೊದಲು ಆರಿಸಿ, ಅದಕ್ಕೆ ಬೇಕಾದ ಸಾಮಾನನ್ನು ಅಂಗಡಿಯಲ್ಲಿ ಹುಡುಕುವುದು ಪೇಟೆಯವರ ರೀತಿ. ಕಾಳು ಬೆಳೆಯುವ ಮನೆಯಲ್ಲಿ ಮೊದಲು ಡಬ್ಬ, ವಾಡೆ, ಹಿತ್ತಲು ನೋಡಬೇಕು. ಅಲ್ಲಿರುವ ಪದಾರ್ಥದ ಹೆಸರನ್ನೂ ಮಗುವಿನ ವಯಸ್ಸನ್ನೂ ಸೇರಿಸಿ ಫೋನಿಗೆ ಹೇಳಬೇಕು. ‘ಮೊಳಕೆ ರಾಗಿ, ಹೆಸರುಕಾಳು, ಒಂದು ವರ್ಷದ ಮಗು’ ಎಂದು ಕೇಳಿ ನೋಡಿ. ಬರುವ ಉತ್ತರವೇ ಬೇರೆಯಾಗಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದು ಕೂಲಿಯವರ ಮನೆಗಳ ಲೆಕ್ಕ ಮಾತ್ರವೆಂದು ತಿಳಿಯಬೇಡಿ. ಜಮೀನು, ಹಸು, ಕೋಳಿ ಎಲ್ಲವೂ ಇರುವ ಮನೆಗಳ ಮಕ್ಕಳೂ ಇದರಲ್ಲಿದ್ದಾರೆ.

ಮೊದಲು ಎತ್ತಿಡಬೇಕಾದದ್ದು

ಈ ಭಾಗ ಮನೆಯ ಯಜಮಾನರಿಗೆ. ಒಕ್ಕಣೆಯಾದ ಮೇಲೆ ಕಣದಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ದಪ್ಪ ಕಾಳು, ತೂಕದ ಕಾಳು ಮಾರಾಟಕ್ಕೆ ಹೋಗುತ್ತದೆ. ಜರಡಿಯಿಂದ ಕೆಳಗೆ ಬಿದ್ದದ್ದು, ಮುಗ್ಗಿದ್ದು, ಮುರುಕು ಮನೆಗೆ ಉಳಿಯುತ್ತದೆ. ಹಾಲು ಕರೆದ ಕೂಡಲೆ ಕ್ಯಾನು ಡೇರಿಗೆ ಹೊರಡುತ್ತದೆ. ಮನೆಯಲ್ಲಿ ಉಳಿದ ಕಾಲು ಲೀಟರು ಚಹಕ್ಕೆ ಸಾಲುವುದಿಲ್ಲ. ನಾಟಿ ಕೋಳಿಯ ಮೊಟ್ಟೆಗೆ ಒಳ್ಳೆಯ ಬೆಲೆ ಇದೆಯೆಂದು ಅದೂ ಹೋಗುತ್ತದೆ. ಆಮೇಲೆ ಆ ಹಣದಲ್ಲಿ ಒಂದಿಷ್ಟು ಡಬ್ಬದ ಪುಡಿಯಾಗಿ, ಬಿಸ್ಕತ್ತಾಗಿ ಮನೆಗೆ ಹಿಂದಿರುಗುತ್ತದೆ. ಹಾಲಿಗೆ ಬೆರೆಸುವ ಇಂಥ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿದ್ದನ್ನು ನೀವು ಓದಿರಬಹುದು. ಆ ಪುಡಿಗಳಲ್ಲಿ ಸಕ್ಕರೆಯ ಪಾಲು ಸಣ್ಣದಲ್ಲ.

ಸುಗ್ಗಿಯಲ್ಲಿ ಮಾರುವ ರಾಶಿಯಿಂದಲೇ, ಅಂದರೆ ಒಳ್ಳೆಯ ರಾಶಿಯಿಂದಲೇ, ಮಕ್ಕಳ ಪಾಲನ್ನು ಮೊದಲು ಅಳೆದು ತೆಗೆಯಿರಿ. ಎರಡು ಚಿಕ್ಕ ಮಕ್ಕಳಿರುವ ಮನೆಗೆ ಹತ್ತು ಕಿಲೋ ಹೆಸರು, ಹತ್ತು ಕಿಲೋ ಕಡಲೆಕಾಯಿ ಬೀಜ ಎತ್ತಿಟ್ಟರೆ ವರುಷದ ಬಹುಪಾಲು ಸಾಗುತ್ತದೆ. ವರುಷ ತುಂಬಿದ ಪ್ರತಿ ಮಗುವಿಗೂ ಒಂದು ಲೋಟ ಹಾಲನ್ನು ಕ್ಯಾನಿಗೆ ಸುರಿಯುವ ಮೊದಲೇ ತೆಗೆದಿಡಿ. ಸುರಿದ ಮೇಲೆ ತೆಗೆಯುವ ಮನಸ್ಸು ಯಾರಿಗೂ ಬರುವುದಿಲ್ಲ.

ರಾಗಿಯನ್ನು ಯಾಕೆ ಆರಿಸಬೇಕು

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು 10 ಮಿಲಿಗ್ರಾಂ ಕೂಡ ಇಲ್ಲ. ಮೂಳೆ, ಹಲ್ಲು ಬೆಳೆಯುವ ವಯಸ್ಸಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಈ ಸುಣ್ಣಾಂಶದ ಹೆಚ್ಚಿನ ಪಾಲು ಕಾಳಿನ ಸಿಪ್ಪೆಯಲ್ಲಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಎಳೆಯ ಮಕ್ಕಳಿಗೆ ರಾಗಿ ರುಬ್ಬಿ ಬಟ್ಟೆಯಲ್ಲಿ ಸೋಸಿ ಮಣ್ಣಿ ಮಾಡುತ್ತಾರೆ. ಮೊದಲ ಕೆಲವು ವಾರಗಳಿಗೆ ಅದು ಸರಿ. ವರುಷದ ಮಗುವಿಗೂ ಹಾಗೆಯೇ ಸೋಸುತ್ತ ಹೋದರೆ ಸಾರವೆಲ್ಲ ಬಟ್ಟೆಯಲ್ಲಿ ಉಳಿದು ದನದ ಬಾನಿಗೆ ಹೋಗುತ್ತದೆ.

ತಳಿ ಯಾವುದಾದರೂ ಆಗಬಹುದು. ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಸಂಕರಗೊಳಿಸಿ ಮಂಡ್ಯದ ಲಕ್ಷ್ಮಣಯ್ಯನವರು ಕೊಟ್ಟ ಇಂಡಾಫ್ ತಳಿಗಳಿಂದ ಹಿಡಿದು ಜಿ.ಪಿ.ಯು. 28, ಎಂ.ಎಲ್. 365ರವರೆಗೆ ಎಲ್ಲವೂ ಮಗುವಿಗೆ ಒಳ್ಳೆಯವೇ. ಹಿಟ್ಟು ಕಪ್ಪಗಿದೆಯೆಂದು ಮಕ್ಕಳು ಮುಖ ತಿರುಗಿಸುವ ಮನೆಗಳಲ್ಲಿ ಮಾತ್ರ ಬಿಳಿ ರಾಗಿ ತಳಿಯಾದ ಕೆ.ಎಂ.ಆರ್. 340ನ್ನು ಒಂದು ಪಟ್ಟೆಯಲ್ಲಿ ಬೆಳೆದು ನೋಡಬಹುದು.

ಜೋಳದ ಸೀಮೆಯವರು ಬೇಸರಿಸಬೇಕಾಗಿಲ್ಲ. ಮುಂದೆ ಹೇಳುವ ಮೊಳಕೆಯ ಕ್ರಮ ಬಿಳಿ ಜೋಳಕ್ಕಲ್ಲ, ಆದರೆ ಜೋಳದ ಗಂಜಿಗೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಬೆರೆಸಿದರೂ ಪ್ರಯೋಜನ ಸಿಗುತ್ತದೆ. ಜೋಳದ ಮೊಳಕೆಯಲ್ಲಿ ವಿಷದ ಅಂಶ ಇರುವುದರಿಂದ ಮನೆಯಲ್ಲಿ ಅದನ್ನು ಮೊಳಕೆ ಬರಿಸಿ ಮಕ್ಕಳಿಗೆ ಕೊಡಬೇಡಿ.

ಮೊಳಕೆ ಹಿಟ್ಟಿನ ಗುಟ್ಟು

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಸಾಕು, ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೇಲಾಹಾರ ಬೇಕು. ಇಲ್ಲಿಯೇ ನಮ್ಮ ಮನೆಗಳಲ್ಲಿ ಪೆಟ್ಟು ಬೀಳುವುದು. ಸಾಮಾನ್ಯ ರಾಗಿ ಹಿಟ್ಟನ್ನು ಬೇಯಿಸಿದರೆ ಅದು ನೀರು ಕುಡಿದು ಉಬ್ಬುತ್ತದೆ. ಗಂಟಲಿಗೆ ಇಳಿಯಲಿ ಎಂದು ತಾಯಿ ಇನ್ನಷ್ಟು ನೀರು ಹಾಕುತ್ತಾಳೆ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು. ಒಂದು ಬಟ್ಟಲು ನೀರು ಗಂಜಿಯಿಂದ ಹೊಟ್ಟೆ ತುಂಬಿತು, ಮಗು ಮಲಗಿತು, ಆದರೆ ಒಳಗೆ ಹೋದ ಹಿಟ್ಟು ಒಂದೂವರೆ ಚಮಚ ಮಾತ್ರ. ದಿನಾ ಮೂರು ಬಾರಿ ಉಣ್ಣಿಸಿದರೂ ಮಗು ಏಕೆ ತೂಕ ಏರುವುದಿಲ್ಲವೆಂದು ಅಂಗನವಾಡಿಯಲ್ಲಿ ಕೇಳುವ ತಾಯಂದಿರಿಗೆ ಅನೇಕ ಬಾರಿ ಉತ್ತರ ಇದೇ.

ಕಾಳು ಮೊಳೆಯುವಾಗ ಅದರೊಳಗೆ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಮೊಳಕೆ ಹಿಟ್ಟಿನ ಗಂಜಿ ಬೇಯುವಾಗ ಈ ಕಿಣ್ವವೇ ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಆದ್ದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಮಗು ಸುಲಭವಾಗಿ ನುಂಗುತ್ತದೆ. ಜೊತೆಗೆ, ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡದ ಫೈಟೇಟ್ ಎಂಬ ವಸ್ತುವೂ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿಯೂ ಬರೋಡಾದ ವಿಶ್ವವಿದ್ಯಾಲಯದಲ್ಲಿಯೂ 1980ರ ದಶಕದಲ್ಲಿ ಮೊಳಕೆ ಹಿಟ್ಟಿನ ಬಗ್ಗೆ ಬಹಳ ಕೆಲಸ ನಡೆದಿದೆ. ನಮ್ಮ ಹಿರಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ರಾಗಿ ಮೊಳಕೆ ಕಟ್ಟುವುದು ಗೊತ್ತಿತ್ತು.

ಮಾಡುವ ಕ್ರಮ ಹೀಗಿದೆ. ರಾಗಿ 700 ಗ್ರಾಂ, ಹೆಸರುಕಾಳು 300 ಗ್ರಾಂ ತೆಗೆದುಕೊಳ್ಳಿ. ಎರಡನ್ನೂ ಬೇರೆ ಬೇರೆಯಾಗಿ ಕಲ್ಲು ಮಣ್ಣು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತೂಗುಹಾಕಿ. ಬಟ್ಟೆ ಒಣಗದಂತೆ ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಬೇಕು. ಹೆಸರು ಒಂದು ದಿನಕ್ಕೆ, ರಾಗಿ ಒಂದೂವರೆ ಎರಡು ದಿನಕ್ಕೆ ಮೊಳೆಯುತ್ತದೆ. ಮೊಳಕೆ ಕಾಲು ಅಂಗುಲ ಬಂದರೆ ಸಾಕು. ಉದ್ದ ಬಂದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಹುಳಿ ವಾಸನೆ ಬಂದರೆ, ಲೋಳೆಯಾದರೆ, ಬೂಷ್ಟು ಕಂಡರೆ ಅದನ್ನು ಮಗುವಿಗೆ ಉಪಯೋಗಿಸಬೇಡಿ. ಆಮೇಲೆ ಶುಭ್ರವಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಮೇಲೆ ಇನ್ನೊಂದು ತೆಳು ಬಟ್ಟೆ ಹೊದಿಸಿ, ಚುರುಕು ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಸೋನೆ ಮಳೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಬೇರು ಹಾರಿಹೋಗುತ್ತದೆ. ಹೆಸರನ್ನು ಘಮ ಬರುವಂತೆ ಹುರಿಯಿರಿ. ರಾಗಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಕೆಂಪಗೆ ಹುರಿದರೆ ಕಿಣ್ವ ಸತ್ತು, ಇಷ್ಟೆಲ್ಲ ಮಾಡಿದ ಶ್ರಮ ವ್ಯರ್ಥವಾಗುತ್ತದೆ. ಫೋನಿನ ಎಷ್ಟೋ ವಿಧಾನಗಳಲ್ಲಿ ‘ಚೆನ್ನಾಗಿ ಹುರಿಯಿರಿ’ ಎಂದಷ್ಟೇ ಇರುವುದರಿಂದ ಇದನ್ನು ಗಮನಿಸಿ. ಹಿಟ್ಟಿನ ಗಿರಣಿಗೆ ಕೊಡುವಾಗ ಹಿಂದಿನವರು ಏನು ಬೀಸಿದರು ಕೇಳಿಕೊಳ್ಳಿ. ಮೆಣಸಿನಕಾಯಿಯ ಬೆನ್ನಿಗೆ ಮಗುವಿನ ಹಿಟ್ಟು ಹಾಕಿಸಿ, ಮಗು ಉಣ್ಣುವುದಿಲ್ಲವೆಂದು ದೂರುವವರಿದ್ದಾರೆ. ತೇವವಿಲ್ಲದ ಡಬ್ಬದಲ್ಲಿ ಬಿಗಿ ಮುಚ್ಚಳ ಹಾಕಿಟ್ಟರೆ ಒಂದು ತಿಂಗಳು ಬರುತ್ತದೆ.

ಬೇಯಿಸುವಾಗ ಮೂರು ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿಡಿ. ಕುದಿಯುವ ನೀರಿಗೆ ಹಿಟ್ಟು ಸುರಿಯಬೇಡಿ. ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕೈಯಾಡಿಸುತ್ತಿದ್ದರೆ ಮೊದಲು ದಪ್ಪವಾಗಿ, ನಂತರ ತಾನೇ ಸಡಿಲವಾಗುತ್ತದೆ. ಆಮೇಲೆ ಐದಾರು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಮೊಳಕೆಯಲ್ಲಿ ಸೇರಿರಬಹುದಾದ ರೋಗಾಣುಗಳು ಸಾಯುವುದು ಹಾಗೆಯೇ. ಅರ್ಧ ಚಮಚ ತುಪ್ಪ, ಕಿವುಚಿದ ಬಾಳೆಹಣ್ಣು ಸೇರಿಸಿ ಕೊಡಿ. ಚಮಚವನ್ನು ಓರೆ ಮಾಡಿದರೆ ಗಂಜಿ ಥಟ್ಟನೆ ಸುರಿದುಹೋಗಬಾರದು, ನಿಧಾನವಾಗಿ ಜಾರಬೇಕು. ಹದ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಒಂದು ಎಚ್ಚರಿಕೆ. ಬಿತ್ತನೆ ಮುಗಿದು ಚೀಲದಲ್ಲಿ ಉಳಿದ ಬೀಜವನ್ನು ಮೊಳಕೆಗೆ ಎಂದೂ ಬಳಸಬೇಡಿ. ಬೀಜದ ಅಂಗಡಿಯಿಂದ, ರೈತ ಸಂಪರ್ಕ ಕೇಂದ್ರದಿಂದ ತಂದ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿ ಬಣ್ಣ ಹಾಕಿರುತ್ತಾರೆ. ನಾಲ್ಕು ಬಾರಿ ತೊಳೆದು ಬಣ್ಣ ಹೋಯಿತೆಂದರೆ ವಿಷ ಹೋಯಿತೆಂದು ಅರ್ಥವಲ್ಲ.

ಫೋನಿನ ಅಡುಗೆಯನ್ನು ಅಳೆಯುವುದು

ಯಾವ ಅಡುಗೆ ಕಂಡರೂ ಮೊದಲು ನೋಡಬೇಕಾದದ್ದು ಅದು ಯಾವ ವಯಸ್ಸಿನ ಮಗುವಿಗೆ ಎಂಬುದು. ವಯಸ್ಸನ್ನೇ ಹೇಳದ ಅಡುಗೆಯನ್ನು ಎರಡು ವರ್ಷದೊಳಗಿನ ಮಗುವಿಗೆ ಮಾಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಹಾಕಿ ಎಂದು ಹೇಳುವವರ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ರೋಗಾಣುವಿನ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಕುತ್ತು ತರಬಹುದು. ಹುಟ್ಟಿದ ಮಗುವಿನ ನಾಲಗೆಗೆ ಜೇನು ಹಚ್ಚುವ ಪದ್ಧತಿ ಇರುವ ಮನೆಗಳಲ್ಲಿ ಹಿರಿಯರಿಗೆ ಇದನ್ನು ಸಮಾಧಾನವಾಗಿ ತಿಳಿಸಿ ಹೇಳಬೇಕು.

ಸಕ್ಕರೆ, ಬೆಲ್ಲ ಎರಡು ವರ್ಷದವರೆಗೆ ಬೇಡ. ‘ಸಕ್ಕರೆ ಇಲ್ಲ, ಬೆಲ್ಲ ಮಾತ್ರ’ ಎಂದು ಹೆಮ್ಮೆಯಿಂದ ಹೇಳುವ ಅಡುಗೆಗಳು ಬಹಳ. ಬೆಲ್ಲದ ಸಿಹಿಯೂ ಸಕ್ಕರೆಯ ಸಿಹಿಯೇ, ಹಲ್ಲಿಗೆ ಎರಡೂ ಒಂದೇ. ಕಬ್ಬು ಬೆಳೆಗಾರರು ಕ್ಷಮಿಸಬೇಕು. ದೊಡ್ಡ ಮಕ್ಕಳ ಉಂಡೆಗೆ ಹದವಾಗಿ ಬೆಲ್ಲ ಬಳಸಲು ಅಡ್ಡಿಯಿಲ್ಲ. ಇಡೀ ಕಡಲೆಕಾಯಿ ಬೀಜ, ಇಡೀ ಕಡಲೆಕಾಳು ಐದು ವರ್ಷದೊಳಗಿನವರಿಗೆ ಕೂಡದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಅರೆದು, ಪುಡಿಮಾಡಿ ಕೊಡಿ.

ಇನ್ನು ಸಾಮಾನಿನ ವಿಚಾರ. ಓಟ್ಸ್ ಎಂದಿದ್ದ ಕಡೆ ರಾಗಿ ಅಥವಾ ನವಣೆ, ಕ್ವಿನೋವ ಎಂದಿದ್ದ ಕಡೆ ಸಾಮೆ, ಪಾಲಕ್ ಎಂದಿದ್ದ ಕಡೆ ದಂಟು ಅಥವಾ ನುಗ್ಗೆಸೊಪ್ಪು ಹಾಕಿದರೆ ಅಡುಗೆ ಕೆಡುವುದಿಲ್ಲ. ಬಾದಾಮಿಯ ಜಾಗಕ್ಕೆ ಕಡಲೆಕಾಯಿ ಬರಲಿ. ಸಸಾರಜನಕದಲ್ಲಿ ನಮ್ಮ ಕಡಲೆಕಾಯಿ ಬಾದಾಮಿಗಿಂತ ಹಿಂದೆ ಇಲ್ಲ, ಮುಂದೆಯೇ ಇದೆ.

ಶಾಲೆಗೆ ಹೋಗುವ ಮಕ್ಕಳಿಗೆ

‘ಮಾಡಿಕೊಟ್ಟರೆ ಸಾಲದು ಸಾರ್, ತಿನ್ನಬೇಕಲ್ಲ?’ ಎಂದು ತರಬೇತಿಗಳಲ್ಲಿ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಸ ರುಚಿಗೆ ಮಗು ಹೊಂದಿಕೊಳ್ಳಲು ಎಂಟು ಹತ್ತು ಬಾರಿಯಾದರೂ ಅದು ಬಾಯಿಗೆ ಬೀಳಬೇಕಾಗುತ್ತದೆ. ನಾವು ಎರಡನೆಯ ಸಲಕ್ಕೇ ‘ಇವನಿಗೆ ರಾಗಿ ಸೇರುವುದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ, ಅದೂ ಅವನ ಎದುರಿಗೇ. ಅಪ್ಪ ಅಕ್ಕಿ ಅನ್ನ ಉಂಡು ಮಗನಿಗೆ ಮುದ್ದೆ ಹಾಕಿದರೆ ಅವನು ಉಣ್ಣುವುದೂ ಇಲ್ಲ. ಸ್ವಲ್ಪ ಸ್ವಲ್ಪ ಬಡಿಸಿ, ಗದರದೆ, ಜೊತೆಯಲ್ಲಿ ಕುಳಿತು ಉಣ್ಣಿ. 2024ರ ಫೆಬ್ರವರಿಯಲ್ಲಿ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡಲು ಆರಂಭಿಸಿದಾಗ, ಮನೆಯಲ್ಲಿ ರಾಗಿ ಬೇಡವೆನ್ನುವ ಮಕ್ಕಳೂ ಜೊತೆಯವರನ್ನು ನೋಡಿ ಕುಡಿದದ್ದನ್ನು ಅನೇಕ ಶಿಕ್ಷಕರು ಹೇಳುತ್ತಾರೆ.

ಹಳೆ ಮೈಸೂರಿನ ಕಡೆಯ ಹುರಿಹಿಟ್ಟು ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ಹೇಳಿ ಮಾಡಿಸಿದಂಥದು. ರಾಗಿಗೆ ಸ್ವಲ್ಪ ನೀರು ಚಿಮುಕಿಸಿ, ಕೆಲಹೊತ್ತು ಬಿಟ್ಟು, ಕಾದ ಬಾಣಲೆಯಲ್ಲಿ ಹಿಡಿ ಹಿಡಿಯಾಗಿ ಹಾಕಿ ಅರಳು ಸಿಡಿಸಿ ಬೀಸಿಸಿದರೆ ಹಿಟ್ಟು ಸಿದ್ಧ. ಎರಡು ಪಾವು ಹಿಟ್ಟಿಗೆ ಅರ್ಧ ಪಾವು ಹುರಿದ ಕಡಲೆಕಾಯಿ ಪುಡಿ, ಒಂದು ಹಿಡಿ ಹುರಿದ ಎಳ್ಳು, ತುರಿದ ಕೊಬ್ಬರಿ, ಹದಕ್ಕೆ ಬೆಲ್ಲದ ನೀರು, ತುಪ್ಪ ಹಾಕಿ ಉಂಡೆ ಕಟ್ಟಿ. ಪುನಃ ಬೇಯಿಸಬೇಕಾಗಿಲ್ಲ; ಹೊಲದ ಕೆಲಸದಿಂದ ತಾಯಿ ಹಿಂದಿರುಗುವ ಮೊದಲೇ ಮಗು ತಾನೇ ತೆಗೆದುಕೊಂಡು ತಿನ್ನಬಹುದು. ಒಣ ಹಿಟ್ಟನ್ನು ಹಾಗೆಯೇ ಮುಕ್ಕಲು ಮಾತ್ರ ಬಿಡಬೇಡಿ, ನೆತ್ತಿಗೆ ಹತ್ತುತ್ತದೆ.

ನುಗ್ಗೆಸೊಪ್ಪನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ ಸೇರಿಸಿ ರಾಗಿ ರೊಟ್ಟಿ ತಟ್ಟಿದರೆ ಕಣ್ಣಿಗೆ ಒಳ್ಳೆಯದಾದ ಎ ಜೀವಸತ್ವ ಸಿಗುತ್ತದೆ. ಅಂಗೈಯಗಲದ ಪುಟ್ಟ ರೊಟ್ಟಿ ತಟ್ಟಿ. ದೊಡ್ಡ ರೊಟ್ಟಿಯ ಮುರುಕಿಗಿಂತ ತನ್ನದೇ ಒಂದು ಇಡೀ ರೊಟ್ಟಿ ಮಕ್ಕಳಿಗೆ ಇಷ್ಟ. ಊಟದ ಜೊತೆಗೆ ನಿಂಬೆರಸ, ನೆಲ್ಲಿಕಾಯಿ ಅಥವಾ ಒಂದು ಸೀಬೆಹಣ್ಣು ಇದ್ದರೆ ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಚಹ ಇದಕ್ಕೆ ನೇರ ವಿರುದ್ಧ. ಬೆಳಿಗ್ಗೆ ಚಹದಲ್ಲಿ ಬಿಸ್ಕತ್ತು ಅದ್ದಿಕೊಟ್ಟು ಶಾಲೆಗೆ ಕಳುಹಿಸುವ ರೂಢಿ ಹೋಗದೆ ಯಾವ ಹೊಸ ಅಡುಗೆಯೂ ರಕ್ತಹೀನತೆಯನ್ನು ತಗ್ಗಿಸಲಾರದು.

ಬೂಷ್ಟು ಹಿಡಿದ ಕಡಲೆಕಾಯಿ

ಉಂಡೆಗೆ ಕಡಲೆಕಾಯಿ ಬಳಸಿ ಎಂದು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಕೊಯ್ಲಿನಲ್ಲಿ ಮಳೆಗೆ ಸಿಕ್ಕಿದ, ಸರಿಯಾಗಿ ಒಣಗದ ಕಾಯಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇದು ಯಕೃತ್ತಿಗೆ ಕೆಡುಕು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಕಾಯಿಯ ತೇವಾಂಶ ಶೇಕಡ 8ರಿಂದ 9ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕಿವಿಯ ಬಳಿ ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು. ಸುಲಿಯುವಾಗ ಮುರುಟಿದ, ಕಪ್ಪಾದ, ಹಸಿರು ಹಳದಿ ಬೂಷ್ಟು ಕಂಡ, ಕಹಿ ಬೀಜಗಳನ್ನು ಆರಿಸಿ ಬಿಸಾಡಿ. ಮಂಡಿಯಲ್ಲಿ ತಿರಸ್ಕರಿಸಿದ ಇಂಥ ಬೀಜವೇ ಚಟ್ನಿಪುಡಿಯಾಗಿ ಮಕ್ಕಳ ಎಲೆಗೆ ಬರುವುದುಂಟು. ದನಕ್ಕೆ ಹಾಕುತ್ತೇವೆ ಎನ್ನುವವರಿಗೆ ಒಂದು ಮಾತು: ಹಸು ತಿಂದ ಈ ವಿಷದ ಒಂದಂಶ ಹಾಲಿನಲ್ಲಿ ಹೊರಬರುತ್ತದೆ, ಆ ಹಾಲು ಕುಡಿಯುವುದು ಮತ್ತೆ ಅದೇ ಮಗು.

ಮುಂದಿನ ಮುಂಗಾರಿಗೆ

ಈಗ ಎಷ್ಟೋ ಹೊಲಗಳಲ್ಲಿ ರಾಗಿಯೊಂದೇ ಬಿತ್ತಿ, ಕಾಳನ್ನು ಅಂಗಡಿಯಿಂದ ತರುವುದಾಗಿದೆ. ಅಕ್ಕಡಿ ಸಾಲನ್ನು ಮತ್ತೆ ರೂಢಿಗೆ ತನ್ನಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೆ ಎಂಟು ಸಾಲಿಗೆ ಒಂದು ಸಾಲು ಅವರೆ ಶಿಫಾರಸಿನಲ್ಲಿದೆ. ಹೆಸರುಕಾಳಿಗೆ ಪ್ರತ್ಯೇಕವಾಗಿ ಎರಡು ಗುಂಟೆ ಬಿಟ್ಟರೆ ಮಕ್ಕಳ ಹಿಟ್ಟಿಗೆ ಸಾಕಾಗುತ್ತದೆ. ಬಚ್ಚಲು ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪರಂಗಿ, ಒಂದು ನಿಂಬೆ ಗಿಡ ಹಾಕಿ. ಮೊಳಕೆ ಹಿಟ್ಟು ಮಾಡುವುದನ್ನು ಕಣ್ಣಾರೆ ನೋಡಬೇಕೆನ್ನುವ ಮಹಿಳಾ ಸಂಘಗಳವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹವಿಜ್ಞಾನ ವಿಭಾಗಕ್ಕೆ ಬರೆಯಬಹುದು, ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಬಿಸಿಲು ಚುರುಕಾಗಿರುವ ಮಾಘ, ಫಾಲ್ಗುಣದ ದಿನಗಳಲ್ಲಿ ಕೇಳಿದರೆ ಒಣಗಿಸುವವರೆಗಿನ ಎಲ್ಲ ಕೆಲಸವನ್ನೂ ಒಂದೇ ವಾರದಲ್ಲಿ ನೋಡಿ ಕಲಿಯಲು ಅನುಕೂಲ.